ಸ್ಪಷ್ಟನೆ: ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಡುಗಳನ್ನು ಬರೆದವರು ಮಟ್ ಲ್ಯಾಂಗ್ ಅಲ್ಲ

ಹಾಸನದ ಕಾಲೇಜು ಬ್ಯಾಂಡ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟ್ ಓಡಾಡುತ್ತಿದೆ. ಎಸಿ/ಡಿಸಿ ಎಂಬ ರಾಕ್ ಬ್ಯಾಂಡಿನ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂನ ಹಾಡುಗಳನ್ನೆಲ್ಲ ಅದರ ಪ್ರೊಡ್ಯೂಸರ್ (ರೆಕಾರ್ಡಿಂಗ್ ಮಾಡಿಸಿ ಹಾಡುಗಳ ಸದ್ದು ರೂಪಿಸುವವರು) ಮಟ್ ಲ್ಯಾಂಗ್ ಅವರೇ ಬರೆದರಂತೆ. ಆಮೇಲೆ ಗಾಯಕಿ ಶನಾಯಾ ಟ್ವೈನ್ ಅವರನ್ನು ಮದುವೆಯಾದ ಮೇಲಷ್ಟೇ ಮತ್ತೆ ಪೆನ್ನು ಹಿಡಿದರಂತೆ. ಎರಡೂ ತಪ್ಪು.

1980ರ ಫೆಬ್ರುವರಿಯಲ್ಲಿ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ ತೀರಿಕೊಂಡರು. ಅವರ ಜಾಗಕ್ಕೆ ಬ್ರಯಾನ್ ಜಾನ್ಸನ್ ಬಂದರು. ಬಹಾಮಾಸ್‌ನ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆಯಿತು, ಜುಲೈನಲ್ಲಿ ಆಲ್ಬಂ ಹೊರಬಂತು. ಅದರ ಹತ್ತೂ ಹಾಡುಗಳು ಜಾನ್ಸನ್ ಮತ್ತು ಬ್ಯಾಂಡಿನ ಗಿಟಾರಿಸ್ಟ್‌ಗಳಾದ ಆಂಗಸ್ ಯಂಗ್, ಮಾಲ್ಕಮ್ ಯಂಗ್ ಹೆಸರಿನಲ್ಲಿವೆ. ಲ್ಯಾಂಗ್ ಅಲ್ಲಿ ಪ್ರೊಡ್ಯೂಸರ್ ಮಾತ್ರ. ಆ ‘ಮಾತ್ರ’ ಸಣ್ಣದೇನಲ್ಲ ಬಿಡಿ, ಗಿಟಾರು, ಡ್ರಮ್ಮು ಅಷ್ಟು ಸ್ವಚ್ಛವಾಗಿ ಕೇಳುವುದರಲ್ಲಿ ಅವರ ಕೈ ಜಾಸ್ತಿಯೇ ಇದೆ.

ಹಾಗಂತ ಅವರು ಹಾಡು ಬರೆಯದವರೇನಲ್ಲ. ಡೆಫ್ ಲೆಪರ್ಡ್‌ನ 1987ರ ‘ಹಿಸ್ಟೀರಿಯಾ’ ಆಲ್ಬಂನಲ್ಲಿ ಬ್ಯಾಂಡಿನವರ ಜೊತೆ ಅವರ ಹೆಸರೂ ಇದೆ. 1991ರಲ್ಲಿ ಬ್ರಿಟನ್‌ನಲ್ಲಿ ಸತತ 16 ವಾರ ಮೊದಲ ಸ್ಥಾನದಲ್ಲಿದ್ದ ಗಾಯಕ ಬ್ರಯಾನ್ ಆಡಮ್ಸ್ ಹಾಡನ್ನು ಬರೆದ ಮೂವರಲ್ಲಿ ಅವರೂ ಒಬ್ಬರು. ಟ್ವೈನ್ ಜೊತೆ ಮದುವೆ ಆಗಿದ್ದು 1993ರಲ್ಲಿ. ಲೆಕ್ಕ ಕೂಡುವುದಿಲ್ಲ, ಅಲ್ವಾ?