ಒಂದರ್ಧ ಲೋಟ

ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಲೋಟ ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಕುಡಿದದ್ದೆಲ್ಲ ಅರ್ಧ ಲೋಟವೇ. "ನಂಗೆ ಒಂದರ್ಧ ಲೋಟ ಸಾಕು" ಅಂತ ಅಜ್ಜಿ. "ಅರ್ಧ ಲೋಟ ಇದ್ರೆ ಕೊಡಿ, ಇಲ್ದಿದ್ರೆ ಬೇಡ" ಅಂತ ದೊಡ್ಡಪ್ಪ. "ಅಯ್ಯೋ, ಈಗ ತಾನೇ ಆಯ್ತು, ನಿಮ್ಮ ಬಲವಂತಕ್ಕೆ ಅರ್ಧ ಲೋಟ" ಅಂತ ಪಕ್ಕದ ಮನೆಯವರು. ಇಷ್ಟಾದರೂ ತಿಂಗಳ ಮೊದಲಲ್ಲಿ ತಂದ ಕಾಫಿಪುಡಿ ಇಪ್ಪತ್ತನೇ ತಾರೀಕಿಗೆಲ್ಲ ತಳ ಕಾಣುತ್ತಿತ್ತು. ತಾತ ಡಬ್ಬಿ ಅಲ್ಲಾಡಿಸಿ ನೋಡಿ, "ಯಾರು ಕುಡೀತಾರೆ ಇಷ್ಟೊಂದು?" ಎಂದು ಕೇಳುತ್ತಿದ್ದರು. ಯಾರೂ ಇಲ್ಲ. ಅವರಂತೂ ಇಲ್ಲವೇ ಇಲ್ಲ.

ಆ ತಲೆಮಾರಿನವರು 'ಕಾಫಿ ಕುಡಿಯಬೇಕು ಅನಿಸಿದೆ' ಎಂದು ಬಾಯಿಬಿಟ್ಟು ಹೇಳಿದವರೇ ಅಲ್ಲ. ಒಂದು ನೆಪ ಬೇಕಿತ್ತು. ತಲೆ ಹಿಡಿದುಕೊಂಡಿದೆ. ಹಾಲು ಉಳಿದಿದೆ, ಒಡೆದು ಹೋಗುತ್ತೆ. ಬಂದವರು ಒಬ್ಬರೇ ಕುಡಿಯೋಕೆ ಸಂಕೋಚ ಪಟ್ಕೋತಾರೆ, ಸುಮ್ನೆ ಅವರ ಜೊತೆಗೆ ಅಷ್ಟು. ಏಕಾದಶಿಯ ದಿನ ಅಜ್ಜಿ ಅನ್ನ ಮುಟ್ಟುತ್ತಿರಲಿಲ್ಲ, ಆದರೆ ಕಾಫಿಗೆ ಉಪವಾಸದ ಕಾಟ ಇರಲಿಲ್ಲ. "ಅದು ನೀರು ತಾನೇ" ಎನ್ನುತ್ತಿದ್ದರು. ದ್ವಾದಶಿ ಬೆಳಿಗ್ಗೆ ಮತ್ತೆ ಕಾಫಿ. ಅದಕ್ಕೆ ನೆಪ, ನಿನ್ನೆಯ ಉಪವಾಸ.

ಇದರ ಬೇರು ಎಲ್ಲಿದೆ ಎಂದು ಯೋಚಿಸಿದ್ದೇನೆ. ಕಾಫಿ ನಮ್ಮ ಸೀಮೆಗೆ ಬಂದದ್ದೇ ಕದ್ದುಮುಚ್ಚಿ, ಅಲ್ವಾ? ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯಾತ್ರೆ ಮುಗಿಸಿ ಯೆಮನ್ನಿನ ಮೋಕಾ ಕಡೆಯಿಂದ ಏಳು ಬೀಜ ಬಚ್ಚಿಟ್ಟುಕೊಂಡು ಬಂದು ಚಿಕ್ಕಮಗಳೂರಿನ ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟರು ಅನ್ನೋ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸೊಂಟಕ್ಕೆ ಕಟ್ಟಿಕೊಂಡು ತಂದರು ಎಂದು ಕೆಲವರು, ಗಡ್ಡದಲ್ಲಿ ಅಡಗಿಸಿ ತಂದರು ಎಂದು ಕೆಲವರು. ಬಂದ ದಾರಿಯೇ ಹಾಗಿದ್ದ ಮೇಲೆ ಕುಡಿಯುವವರು ಎದೆ ಉಬ್ಬಿಸಿ ಕುಡಿಯೋಕಾಗುತ್ತಾ?

ನಮ್ಮ ಮನೆಗೂ ಅದು ಹಾಗೇ ಬಂತು. ನಮ್ಮದು ಅರಕಲಗೂಡಿನ ಕಡೆ. ಮುತ್ತಜ್ಜನ ಕಾಲಕ್ಕೆ ಕಾಫಿ ಅಂದರೆ ಹೋಟೆಲಿನ ಪದಾರ್ಥ, ಮರ್ಯಾದಸ್ಥರ ಮನೆಗೆ ಸಲ್ಲದ್ದು. ತಾತ ಮೈಸೂರಿಗೆ ಓದೋಕೆ ಹೋಗಿ ಅಭ್ಯಾಸ ಕಲಿತರು. ರಜೆಗೆ ಊರಿಗೆ ಬಂದಾಗ ಟ್ರಂಕಿನ ತಳದಲ್ಲಿ ಒಂದು ಪೊಟ್ಟಣ ಪುಡಿ ತಂದಿದ್ದರಂತೆ. ಬಟ್ಟೆ ಒಗೆಯಲು ತೆಗೆಯುವಾಗ ಅದು ಮುತ್ತಜ್ಜಿಯ ಕೈಗೆ ಸಿಕ್ಕಿತು. ಮೈಸೂರಿನಿಂದ ಹೊಸ ಥರದ ಹಲ್ಲುಪುಡಿ ಬಂದಿದೆ ಅಂದುಕೊಂಡು ಬಚ್ಚಲಿನ ಗೂಡಿನಲ್ಲಿಟ್ಟರು. ಮುತ್ತಜ್ಜ ಎರಡು ದಿನ ಅದರಲ್ಲೇ ಹಲ್ಲುಜ್ಜಿ, "ಪರವಾಗಿಲ್ಲ, ಸ್ವಲ್ಪ ಕಹಿ" ಅಂದರಂತೆ. ಆಮೇಲೆ ಸತ್ಯ ಗೊತ್ತಾಗಿ ದೊಡ್ಡ ರಂಪ. ಆದರೆ ಆ ವರ್ಷದ ಚಳಿಗಾಲದಲ್ಲೇ ಮುತ್ತಜ್ಜಿಗೆ ತಲೆನೋವು ಬಂತು. ತಾತ ಔಷಧಿ ಎಂದು ಹೇಳಿ ಅರ್ಧ ಲೋಟ ಮಾಡಿಕೊಟ್ಟರು. ತಲೆನೋವು ಹೋಯಿತು. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಬಂತು. ಅವರು ಬದುಕಿರುವವರೆಗೂ ದಿನಕ್ಕೆರಡು ಸಲ, ಹೊತ್ತು ತಪ್ಪದೆ, ಬರುತ್ತಲೇ ಇತ್ತು.

ತಾತ ಕಾಫಿ ಕುಡಿಯುವುದು ನೋಡುವಂತಿರುತ್ತಿತ್ತು. ಹಿತ್ತಾಳೆ ಲೋಟವನ್ನು ಬಟ್ಟಲಲ್ಲಿಟ್ಟು ತಂದುಕೊಡಬೇಕು. ಮೊದಲು ಶಲ್ಯದ ತುದಿಯಲ್ಲಿ ಲೋಟ ಹಿಡಿದು ಮೊಳದುದ್ದದ ಧಾರೆ ಕಟ್ಟಿ ಬಟ್ಟಲಿಗೆ ಹೊಯ್ಯುತ್ತಿದ್ದರು. ಅಲ್ಲಿಂದ ಮತ್ತೆ ಲೋಟಕ್ಕೆ. ಎರಡೇ ಸಲ. ಮೂರನೇ ಸಲ ಹೊಯ್ದರೆ ಆರಿ ಹೋಗುತ್ತದೆ. ಆಮೇಲೆ ಕತ್ತು ಹಿಂದಕ್ಕೆ ಚೆಲ್ಲಿ, ತುಟಿಗೆ ತಾಗಿಸದೆ, ಎತ್ತಿ ಹೊಯ್ದುಕೊಳ್ಳುತ್ತಿದ್ದರು. ಗಂಟಲಿನ ಗುಳ್ಳೆ ನಾಲ್ಕು ಸಲ ಮೇಲೆ ಕೆಳಗೆ ಹೋದರೆ ಲೋಟ ಖಾಲಿ. ಹೊಗೆಯಾಡುವ ಕಾಫಿ ಅಷ್ಟು ಬೇಗ ಹೇಗೆ ಇಳಿಯುತ್ತಿತ್ತೋ ಆ ಗಂಟಲಿಗೇ ಗೊತ್ತು. ಕೈ ಸುಡದ ಕಾಫಿ ಕೊಟ್ಟರೆ "ಇದೇನು, ಕಲಗಚ್ಚು?" ಎಂದು ಬದಿಗಿಡುತ್ತಿದ್ದರು. ಆದರೆ ಚೆಲ್ಲುತ್ತಿರಲಿಲ್ಲ. ಬಿಸಿ ಮಾಡಿ ತಂದರೆ, ದಂಡ ಯಾಕೆ ಅನ್ನುವ ನೆಪದಲ್ಲಿ ಕುಡಿಯುತ್ತಿದ್ದರು, ಜೊತೆಗೆ ಹೊಸದಾಗಿ ಮಾಡಿದ್ದನ್ನೂ.

ಫಿಲ್ಟರು ಮಾತ್ರ ಅಜ್ಜಿಯ ಸಾಮ್ರಾಜ್ಯ. ರಾತ್ರಿ ಊಟ ಮುಗಿದು ಒಲೆ ಸಾರಿಸಿದ ಮೇಲೆ ಹಿತ್ತಾಳೆ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಹಿಡಿಯಿರುವ ತೂತಿನ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿಯುವ ನೀರು ಹೊಯ್ದು ಮುಚ್ಚಿಡುತ್ತಿದ್ದರು. ಜೋರಾಗಿ ಒತ್ತಿದರೆ ಇಳಿಯುವುದಿಲ್ಲ, ಒತ್ತದಿದ್ದರೆ ನೀರಾಗಿ ಇಳಿಯುತ್ತದೆ. ಅದಕ್ಕೆ ಎಷ್ಟು ಒತ್ತಬೇಕು ಎಂದು ಅಮ್ಮ ಕೇಳಿದಾಗ "ಮಗು ಬೆನ್ನು ತಟ್ಟಿದ ಹಾಗೆ" ಅಂದಿದ್ದರು. ಕೆಲವು ರಾತ್ರಿ ಎಚ್ಚರವಾದರೆ ಕತ್ತಲಲ್ಲಿ ಅದು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಕಟ್ಟಿಕೊಂಡರೆ ಬೆಳಿಗ್ಗೆ ನಾಲ್ಕೂವರೆಗೆ ಸೌಟಿನಲ್ಲಿ ಟಕ್ ಟಕ್ ಅಂತ ತಲೆಗೆ ಬಡಿಯುವುದು. ಅದಕ್ಕೂ ಬಗ್ಗದಿದ್ದರೆ ಚರಟ ಕೊಡವಿ, ಖಾಲಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸುವುದು. ತೂತಿನಲ್ಲಿ ಸಿಕ್ಕಿದ ಪುಡಿಯೆಲ್ಲ ಕೆಂಪಗೆ ಉರಿದು, ಬೆಳಕಿಗೆ ಹಿಡಿದರೆ ನಕ್ಷತ್ರದ ಹಾಗೆ ಒಂದೊಂದೇ ತೂತು ಬಿಡಿಸಿಕೊಳ್ಳುತ್ತಿತ್ತು. ಅವತ್ತು ಮಾತ್ರ ಮನೆಯ ಯಜಮಾನರೂ ಉಸಿರೆತ್ತದೆ ಕೂತಿರಬೇಕು.

ಮೊದಲ ಡಿಕಾಕ್ಷನ್ ತಾತನಿಗೆ ಮತ್ತು ಬಂದವರಿಗೆ. ಎರಡನೇದು ಹೆಂಗಸರಿಗೆ, ಕೆಲಸದವರಿಗೆ. ಮೂರನೇದಕ್ಕೆ ಹಾಲು ಬೆರೆಸಿ ನಮಗೆ. ಅದನ್ನು ಕಾಫಿ ಅನ್ನುವುದಕ್ಕಿಂತ ಕಾಫಿಯ ಮುಖ ನೋಡಿದ ಹಾಲು ಅನ್ನಬಹುದು. ಈ ಪಂಕ್ತಿಭೇದ ನನಗೆ ದೊಡ್ಡವಳಾದ ಮೇಲೆ ಸಿಟ್ಟು ತರಿಸಿತ್ತು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳಿಗೆ ಸಪ್ಪೆ ಕಾಫಿ ಯಾಕೆ? ಅಜ್ಜಿಯ ಪರವಾಗಿ ಒಮ್ಮೆ ಜಗಳಕ್ಕೇ ನಿಂತೆ. ಅಜ್ಜಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಉಪ್ಪಿನ ಮರಿಗೆಯ ಹಿಂದೆ ಇಟ್ಟಿದ್ದ ಪುಟ್ಟ ಗಿಂಡಿ ತೋರಿಸಿದರು. ಎಲ್ಲರಿಗಿಂತ ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಅದರಲ್ಲಿತ್ತು. "ಹುಳಿ ಬಂದಿದ್ಯಾ ಅಂತ ನೋಡ್ಬೇಕಲ್ಲ, ಅದಕ್ಕೆ" ಅಂದರು. ಪ್ರತಿದಿನ ನೋಡಬೇಕಿತ್ತು, ಅರ್ಧ ಲೋಟ ಹಾಲು ಬೆರೆಸಿ.

ಪುಡಿಯ ವಿಷಯದಲ್ಲೂ ಇಂಥದೇ ಆಟ. ಹಾಸನದ ಅಂಗಡಿಯಲ್ಲಿ ಬೀಜ ಆರಿಸಿ ಕಣ್ಣೆದುರಿಗೇ ಹುರಿಸಿ ಬೀಸಿಸಿಕೊಂಡು ಬರುವುದು ತಾತನ ಕೆಲಸ. ಪೀಬೆರಿಯೇ ಆಗಬೇಕು. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ, ಒಂದಕ್ಕೊಂದು ಒತ್ತಿ ಚಪ್ಪಟೆ. ಅಪರೂಪಕ್ಕೆ ಒಂದೇ ಬೀಜ ಬೆಳೆದು ದುಂಡಗಿರುತ್ತೆ, ಅದು ಪೀಬೆರಿ. "ಒಂಟಿ ಮಗ, ಅಪ್ಪ-ಅಮ್ಮನ ಆಸ್ತಿಯೆಲ್ಲ ಅವನಿಗೇ" ಎಂದು ತಾತ ಅದರ ರುಚಿಗೆ ಕಾರಣ ಕೊಡುತ್ತಿದ್ದರು. ಚಿಕೋರಿ ಮಾತ್ರ ಬೇಡ, ಅದು ಕಲಬೆರಕೆ ಎಂದು ನಾಲ್ಕು ಜನರೆದುರು ಭಾಷಣ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನೇ ಇಲ್ಲ, ಆದರೆ ಬಣ್ಣ ಬರುತ್ತೆ, ಡಿಕಾಕ್ಷನ್ ಗಟ್ಟಿಯಾಗುತ್ತೆ, ಪುಡಿಯೂ ಕಡಿಮೆ ಸಾಕು. ಅಜ್ಜಿ ಅದನ್ನು ಬೇರೆ ತರಿಸಿಟ್ಟುಕೊಂಡು ಐದರಲ್ಲೊಂದು ಪಾಲು ಬೆರೆಸುತ್ತಿದ್ದರು. ತಾತ ಅದೇ ಕಾಫಿ ಕುಡಿದು "ನೋಡಿ, ಅಪ್ಪಟ ಬೀಜದ ಗತ್ತು" ಅಂತ ನೆಂಟರಿಗೆ ಹೇಳುವಾಗ ಅಜ್ಜಿ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ ಅಂತ ನನಗೆ ಈಗಲೂ ನಂಬಿಕೆಯಿಲ್ಲ.

ಅಮ್ಮನ ತವರು ಕೊಪ್ಪದ ಹತ್ತಿರ. ಅಲ್ಲಿ ಕಾಫಿ ತೋಟವೇ ಇತ್ತು. ತೋಟದ ಮನೆಯ ಕಾಫಿ ಎಂದರೆ ಅಮೃತ ಇರಬೇಕು ಅಂದುಕೊಂಡು ನಮ್ಮ ತಾತ ಬೀಗರ ಮನೆಗೆ ಹೋದವರು ಒಂದು ಗುಟುಕಿಗೆ ಮುಖ ಸಣ್ಣ ಮಾಡಿದರಂತೆ. ಬೆಲ್ಲದ ಕಾಫಿ! ಅಮ್ಮಮ್ಮ ಬೆಲ್ಲದ ನೀರು ಕುದಿಸಿ, ಪುಡಿ ಹಾಕಿ ಇಳಿಸಿ ಮುಚ್ಚಿ, ಚರಟ ಕೆಳಗೆ ಕೂತ ಮೇಲೆ ಬಟ್ಟೆಯಲ್ಲಿ ಸೋಸುತ್ತಿದ್ದರು. ಆ ಬಟ್ಟೆ ಎಷ್ಟು ಒಗೆದರೂ ಕಾಫಿ ಬಣ್ಣವೇ. ಹಾಲು ಇದ್ದರೆ ಉಂಟು, ಇಲ್ಲದಿದ್ದರೆ ಕಪ್ಪಗೇ.

ಬೀಜವೂ ಒಳ್ಳೆಯದಲ್ಲ. 1942ರ ಕಾಯ್ದೆಯ ನಂತರ ಬೆಳೆಗಾರರು ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಬೆಳೆ ಒಟ್ಟುಗೂಡಿಸಿ ಬೋರ್ಡೇ ಮಾರುವ ಏರ್ಪಾಡಿಗೆ, ಕೊಡಬೇಕಿತ್ತು. ಮನೆಖರ್ಚಿಗೆಂದು ಉಳಿಸಿಕೊಳ್ಳಬಹುದಾದದ್ದು ಸ್ವಲ್ಪ. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲವಾಗುವವರೆಗೂ ಹಾಗೇ. ಆ ಸ್ವಲ್ಪದಲ್ಲೂ ಒಳ್ಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ? ಗಿಡದ ಬುಡದಲ್ಲಿ ಉದುರಿದ್ದು, ಒಡೆದದ್ದು, ಕಪ್ಪಾದದ್ದು ಮನೆಗೆ. ಬಾಣಲೆಯಲ್ಲಿ ಹುರಿದು, ಒನಕೆಯಲ್ಲಿ ಕುಟ್ಟಿದರೆ ಆಯಿತು. ನೇಕಾರನ ಮೈಮೇಲೆ ಹರಕು ಬಟ್ಟೆ ಅಂದ ಹಾಗೆ. ನನಗೆ ಮಾತ್ರ ಆ ಕಾಫಿಯ ಮೇಲೆ ಪಕ್ಷಪಾತವಿದೆ. ಹೊಗೆ, ಬೆಲ್ಲ, ಒದ್ದೆ ಸೌದೆ ಎಲ್ಲ ಸೇರಿದ ಆ ಘಾಟು ಪೀಬೆರಿಗೆ ಬರುವುದಿಲ್ಲ.

ಅಲ್ಲಿ ನೆಪ ಹುಡುಕುವ ಕಷ್ಟವೂ ಇರಲಿಲ್ಲ. ಮಳೆ ಇತ್ತಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಹೊಯ್ಯುವ ಮಳೆ. "ಚಳಿಗೆ ಒಂಚೂರು ಬೇಕಲ್ಲ ಮಾರಾಯ್ತಿ" ಅಂತ ಅಮ್ಮಮ್ಮ ಒಂದು ಸಲ. ಮಳೆ ನಿಂತರೆ, "ಇಷ್ಟು ಹೊತ್ತಿಗೆ ಹೊಳವಾಯ್ತಪ್ಪ" ಎಂದು ಇನ್ನೊಂದು ಸಲ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಆಸೆಯಾಗಿ ಒಂದು ದಿನ ಬೆಲ್ಲದ ಕಾಫಿ ಮಾಡಿದ್ದಕ್ಕೆ ಅಜ್ಜಿ, "ಯಾರಿಗೆ ಜ್ವರ?" ಎಂದು ಕೇಳಿದ್ದರಂತೆ.

ಬೆಂಗಳೂರಿನ ಹೋಟೆಲುಗಳಲ್ಲಿ ಬೈಟು ಕಾಫಿ ಕೇಳುವವರನ್ನು ಕಂಡರೆ ನನಗೆ ಇವರೆಲ್ಲ ನೆನಪಾಗುತ್ತಾರೆ. ಒಂದನ್ನು ಇಬ್ಬರು ಹಂಚಿಕೊಂಡು, ಹತ್ತು ನಿಮಿಷ ಬಿಟ್ಟು ಇನ್ನೊಂದು ಬೈಟು ಹೇಳುತ್ತಾರೆ. ಕೊನೆಗೆ ಲೆಕ್ಕ ಅಷ್ಟೇ ಆಗುತ್ತದೆ, ಆದರೆ ಜಾಸ್ತಿ ಕುಡಿದೆವು ಅನ್ನುವ ಪಾಪಪ್ರಜ್ಞೆ ಇರುವುದಿಲ್ಲ.

ಅಜ್ಜಿಗೆ ಎಂಬತ್ತು ದಾಟಿದ ಮೇಲೆ ನಿದ್ದೆ ಬರುತ್ತಿಲ್ಲವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. "ದಿನಕ್ಕೆ ಎಷ್ಟು ಕಾಫಿ ಕುಡೀತೀರಮ್ಮ?" ಎಂದು ಅವರು ಕೇಳಿದರು. "ಕಾಫಿನಾ? ನಾನೆಲ್ಲಿ ಕುಡೀತೀನಿ? ಇವರೆಲ್ಲ ಕುಡಿಯುವಾಗ ಒಂದರ್ಧ ಲೋಟ, ಅಷ್ಟೇ." ಡಾಕ್ಟರು ತಲೆದೂಗಿ, ಅಷ್ಟಾದರೆ ತೊಂದರೆಯಿಲ್ಲ ಅಂದರು. ಮನೆಯಲ್ಲಿ ಆಗ ನಾವು ಏಳು ಜನ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಕುಡಿಯುವವರು.

ಆ ಲೋಟ ಈಗ ನನ್ನ ಹತ್ತಿರವಿದೆ. ಕಂಠದ ಹತ್ತಿರ ಒಂದು ತಗ್ಗು, ತಳದಲ್ಲಿ ಹೆಸರಿನ ಮೊದಲಕ್ಷರ. ಹೋದ ತಿಂಗಳು ಮಗಳು ಕೇಕ್ ಮಾಡುವ ಅಳತೆ ಪಾತ್ರೆ ತಂದು ಸುಮ್ನೆ ಅಳೆದು ನೋಡಿದಳು. ಕಂಠಪೂರ್ತಿ ತುಂಬಿದರೆ 320 ಎಂ.ಎಲ್. ಅಂದರೆ ಅಜ್ಜಿಯ ಅರ್ಧ ಲೋಟ ನಮ್ಮ ಈಗಿನ ಸ್ಟೀಲ್ ಲೋಟದಲ್ಲಿ ಉಕ್ಕಿ ಚೆಲ್ಲುವಷ್ಟು. ದಿನಕ್ಕೆ ಆರು ಅರ್ಧ ಎಂದು ಹಿಡಿದರೂ 960. "ಅಮ್ಮಾ, ಮುತ್ತಜ್ಜಿ ದಿನಾ ಹೆಚ್ಚುಕಮ್ಮಿ ಒಂದು ಲೀಟರ್ ಕುಡೀತಿದ್ರು!" ಎಂದು ಕೂಗಿದಳು.

ನಮ್ಮಮ್ಮ ಟೀವಿಯ ಮುಂದೆ ಕೂತಿದ್ದವರು ತಿರುಗಿ ನೋಡಿದರು. ಅಜ್ಜಿಯ ಸೊಸೆ, ನಲವತ್ತು ವರ್ಷ ಅದೇ ಅಡುಗೆಮನೆಯಲ್ಲಿ ದುಡಿದವರು. "ನೊರೆ ಕಳೀಬೇಕಲ್ವಾ ಅದ್ರಲ್ಲಿ" ಅಂದರು. "ನೊರೆ ಕಳೆದ್ರೆ ಅಷ್ಟೇನಾಗಲ್ಲ." ಆಮೇಲೆ ಲೋಟ ಹೇಗೂ ತೊಳೆದಾಗಿದೆಯಲ್ಲ ಅಂತ, ಅದರಲ್ಲೇ ಒಂದರ್ಧ ತರಲು ಹೇಳಿದರು.