ನಾನ್ಯಾರು, ಗೊತ್ತಾಯ್ತಾ?

ಬಸವನಗುಡಿಯ ಯಾವ ಕಲ್ಯಾಣ ಮಂಟಪಕ್ಕೆ ಬೇಕಾದರೂ ಹೋಗಿ. ಧಾರೆ ಮುಗಿದು, ಎರಡನೇ ಪಂಕ್ತಿಗೆ ಕಾಯುವ ಹೊತ್ತಿಗೆ ಈ ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. ಎಪ್ಪತ್ತು ದಾಟಿದವರೊಬ್ಬರು ಫ್ಯಾನಿನ ಕೆಳಗೆ ಕುರ್ಚಿ ಹಿಡಿದು ಕೂತಿರುತ್ತಾರೆ. ನಲವತ್ತೈದರ ಆಸಾಮಿಯೊಬ್ಬ ಎದುರಿಗೆ ಬಂದು ನಿಂತು, ಹಲ್ಲು ಕಿರಿದು, "ಸಾರ್, ನಾನ್ಯಾರು ಗೊತ್ತಾಯ್ತಾ?" ಎನ್ನುತ್ತಾನೆ. ಹೆಸರು ಹೇಳಿಬಿಟ್ಟರೆ ಎರಡು ಸೆಕೆಂಡಿನ ಕೆಲಸ. ಹೇಳುವುದಿಲ್ಲ. "ಯೋಚ್ನೆ ಮಾಡಿ, ನೋಡೋಣ" ಎಂದು ಕಾಯುತ್ತಾನೆ. ಹಸಿದ ಹೊಟ್ಟೆ, ಕಿವಿಯ ಪಕ್ಕದಲ್ಲೇ ವಾಲಗ, ಮೇಲೆ ಈ ವೈವಾ. ಈ ಜನಕ್ಕೆ ಹೋಳಿಗೆ ಬಡಿಸಬಾರದು.

ಹಿರಿಯರಿಗೆ ಅವನ ವಿಷಯ ಗೊತ್ತಿಲ್ಲ ಎಂದಲ್ಲ. ಊರು ತಿಪಟೂರಿನ ಕಡೆ, ಅಪ್ಪ ಮೇಷ್ಟರು, ಇವನು ಚಿಕ್ಕವನಿದ್ದಾಗ ಬಾವಿಕಟ್ಟೆಯಿಂದ ಬಿದ್ದು ಹಣೆ ಒಡೆದುಕೊಂಡದ್ದು, ಎಲ್ಲ ಇದೆ. ಹೆಸರೊಂದಿಲ್ಲ. ಹೆಸರಿನ ಜಾಯಮಾನವೇ ಅದು. ಒಬ್ಬರು ಶಾನುಭೋಗಿಕೆ ಮಾಡುತ್ತಿದ್ದರು ಎಂದರೆ ಲೆಕ್ಕದ ಪುಸ್ತಕ, ಕಂದಾಯ, ರುಮಾಲು, ಹೀಗೆ ಹತ್ತು ಗೂಟಗಳಿಗೆ ಆ ನೆನಪನ್ನು ಕಟ್ಟಿಹಾಕಬಹುದು. ಅದೇ ಅವರ ಮನೆತನದ ಹೆಸರು ಶಾನುಭೋಗ್ ಎಂದರೆ ಗೂಟವೇ ಇಲ್ಲ, ಬರೀ ಸದ್ದು. ವಯಸ್ಸಾದಂತೆ ಮೊದಲು ಸಡಿಲವಾಗುವುದು ಈ ಸದ್ದಿನ ಎಳೆ. ಸಾಲದ್ದಕ್ಕೆ, ಶ್ರೀಕಂಠ ಬೇಕಾದ ಕಡೆ ಶ್ರೀನಿವಾಸ ಬಂದು ಬಾಗಿಲಿಗೆ ಅಡ್ಡ ಕೂರುತ್ತಾನೆ. ತಳ್ಳಿದಷ್ಟೂ ಅವನೇ ಬರುತ್ತಾನೆ. ಆಗ ಹುಡುಕಾಟ ಬಿಡಬೇಕು, ಇಲ್ಲವೇ ಅ ಆ ಇ ಈ ಎಂದು ಶುರುಮಾಡಿ ಅಕ್ಷರಮಾಲೆ ಇಳಿದು ಬರಬೇಕು. ಶ ತಲುಪಿದಾಗ ಒಮ್ಮೊಮ್ಮೆ ತಾನೇ ಕಚ್ಚಿಕೊಳ್ಳುತ್ತದೆ. ಇಲ್ಲವಾದರೆ ಊಟ ಮುಗಿಸಿ ಕೈ ತೊಳೆಯುವಾಗ, ಕರೆಯದೆಯೇ ಬರುತ್ತದೆ.

ಆದರೆ ಅಷ್ಟು ಹೊತ್ತಿಗೆ ಹಿರಿಯರು ತಮ್ಮ ಮೇಲೆ ತೀರ್ಪು ಕೊಟ್ಟುಕೊಂಡಾಗಿರುತ್ತದೆ. "ಮರೆವು ಜಾಸ್ತಿಯಾಯ್ತು ಕಣೇ, ನನ್ನ ಕಥೆ ಮುಗೀತು" ಎಂದು ಆಟೋದಲ್ಲಿ ಹೆಂಡತಿಯ ಹತ್ತಿರ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಇದೇ ಮನುಷ್ಯರು ಎದೆ ಉಬ್ಬಿಸಿಕೊಂಡು ಅರುವತ್ತು ಸಂವತ್ಸರಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿ, "ಈಗಿನ ಹುಡುಗರಿಗೆ ಬರುತ್ತೇನ್ರೀ?" ಎಂದು ಕೇಳುತ್ತಾರೆ. ನಿನ್ನೆಯ ಫೇಲಿಗೆ ಎಷ್ಟು ಬೆಲೆಯೋ ಇವತ್ತಿನ ಫಸ್ಟ್ ಕ್ಲಾಸಿಗೂ ಅಷ್ಟೇ.

ಈ ಸಂವತ್ಸರಗಳ ವಿಷಯ ಸ್ವಲ್ಪ ನೋಡಬೇಕು. ಪ್ರಭವ, ವಿಭವ, ಶುಕ್ಲ ಎಂದು ಹೊರಟರೆ ರೈಲು ಬಿಟ್ಟಂತೆ. ಆದರೆ "ದುಂದುಭಿಗೆ ಹಿಂದಿನದು ಯಾವುದು?" ಎಂದು ಕೇಳಿ ನೋಡಿ. ಉತ್ತರ ನೇರವಾಗಿ ಬರುವುದಿಲ್ಲ; ತುಟಿ ಅಲ್ಲಾಡತೊಡಗುತ್ತದೆ, ಮತ್ತೆ ಪ್ರಭವದಿಂದಲೇ. 55ನೆಯದಾದ ದುರ್ಮತಿ ಸಿಗುವವರೆಗೆ ಕಾಯಬೇಕು. ನಡುವೆ ಯಾರಾದರೂ "ಕಾಫಿ ಕುಡೀತೀರಾ?" ಎಂದರೋ, ಮತ್ತೆ ಪ್ರಭವ. ಅದಕ್ಕಿಂತ ದೊಡ್ಡ ಗುಂಡಿ 38ರಲ್ಲಿದೆ. ಅಲ್ಲಿ ಕ್ರೋಧಿ, 59ರಲ್ಲಿ ಕ್ರೋಧನ. ಕ್ರೋಧಿಯಲ್ಲಿ ನಾಲಿಗೆ ಜಾರಿದರೆ ಮುಂದಿನದು ವಿಶ್ವಾವಸು ಆಗುವ ಬದಲು ನೇರ ಅಕ್ಷಯ, ಪಟ್ಟಿ ಮುಗಿಯಿತು. 21 ಸಂವತ್ಸರ ಗುಳುಂ. ಎದುರಿಗೆ ಕೂತವರು ತಲೆದೂಗುತ್ತಾರೆ, ಒಪ್ಪಿಸಿದವರಿಗೂ ಅನುಮಾನ ಬರುವುದಿಲ್ಲ. ಕಾರಣ, ಎಲ್ಲೂ ತಡವರಿಸಲಿಲ್ಲವಲ್ಲ! ಸಲೀಸಾಗಿ ಬಂದದ್ದೆಲ್ಲ ಸರಿ, ತಡವರಿಸಿದ್ದೆಲ್ಲ ಮರೆವು ಎಂಬುದು ನಮ್ಮ ಮನಸ್ಸಿನ ಲೆಕ್ಕ. ಕ್ರೋಧಿಯನ್ನು ಸರಿಯಾಗಿ ದಾಟಿ, 59ರ ಕ್ರೋಧನದಲ್ಲಿ ಎಡವಿದವರು ಇನ್ನೊಂದು ಬಗೆ: ಅವರು ಕ್ರೋಧನ ಆದ ಮೇಲೆ ವಿಶ್ವಾವಸುವಿಗೆ ಹೋಗಿ, ಪರಾಭವ, ಪ್ಲವಂಗ ಎಂದು ಇನ್ನೊಂದು ಸುತ್ತು ಹೊಡೆಯುತ್ತಾರೆ. ಬೆಂಚು ಖಾಲಿಯಾಗುವುದು ಆಗ.

ವೈದ್ಯರ ಪರೀಕ್ಷೆಗಳು ಇಂಥ ಕಂಠಪಾಠವನ್ನು ನಂಬುವುದಿಲ್ಲ. ಐದು ಪದ ಹೇಳಿ, ನಡುವೆ ನೂರರಿಂದ ಏಳೇಳು ಕಳೆಯಲು ಹಚ್ಚಿ (93, 86, 79...), ಸುಮಾರು ಐದು ನಿಮಿಷದ ಮೇಲೆ ಆ ಪದಗಳನ್ನು ವಾಪಸ್ ಕೇಳುತ್ತಾರೆ. ಹನ್ನೊಂದು ಗಂಟೆ ಹತ್ತು ನಿಮಿಷದ ಗಡಿಯಾರ ಬರೆಸುತ್ತಾರೆ. ಆ ಹೊತ್ತೇ ಯಾಕೆಂದರೆ, ಉದ್ದ ಮುಳ್ಳು ಎರಡರ ಮೇಲೆ ಇರಬೇಕು, ಆದರೆ "ಹತ್ತು" ಎಂದು ಕೇಳಿದ ಕೈ ಹತ್ತರ ಕಡೆಗೇ ಎಳೆಯುತ್ತದೆ. ಇದು ಬುದ್ಧಿವಂತರ ಉಪಾಯ. ಇದರ ಜೊತೆಗಿನ ಪ್ರಶ್ನಾವಳಿಯ ಬಗ್ಗೆ ಅಷ್ಟು ಗೌರವ ಇಟ್ಟುಕೊಳ್ಳುವುದು ಕಷ್ಟ. "ಈಚೆಗೆ ಎಷ್ಟು ಸಲ ಮರೆತಿರಿ?" ಎಂದು ಕೇಳುತ್ತದೆ. ಮರೆತದ್ದನ್ನು ನೆನಪಿಟ್ಟುಕೊಂಡವರು ತಾನೇ ಇದಕ್ಕೆ ಉತ್ತರ ಬರೆಯಬೇಕು? ಮರೆತದ್ದನ್ನೂ ಮರೆತವರು "ಇಲ್ಲವೇ ಇಲ್ಲ" ಎಂದು ಬರೆದು ಪಾಸಾಗುತ್ತಾರೆ. "ಮರೆವು, ಮರೆವು" ಎಂಬ ಗೋಳಿಗೆ ಪರೀಕ್ಷೆಯ ಅಂಕಕ್ಕಿಂತ ಮನಸ್ಸಿನ ಬೇಸರದ ಜೊತೆಗೇ ನಂಟು ಜಾಸ್ತಿ. ಪಟ್ಟಿ ಬರೆದುಕೊಂಡು ಒಬ್ಬರೇ ಬಸ್ಸು ಹತ್ತಿ ಬಂದವರಿಗಿಂತ, "ನನಗೇನಾಗಿದೆ, ಇವಳೇ ಎಳ್ಕೊಂಡು ಬಂದಿದ್ದು" ಎನ್ನುತ್ತಾ ಪ್ರತಿ ಉತ್ತರಕ್ಕೂ ಮಗಳ ಮುಖ ನೋಡುವವರ ಬಗ್ಗೆಯೇ ಡಾಕ್ಟರಿಗೆ ಹೆಚ್ಚು ಯೋಚನೆ.

ಹಾಗಂತ ಗೋಳನ್ನು ತಳ್ಳಿಹಾಕುವಂತಿಲ್ಲ. ಕಾರಣ ಎಷ್ಟೋ ಸಲ ಮಿದುಳಿನ ಹೊರಗೇ ಇರುತ್ತದೆ. ಸಸ್ಯಾಹಾರಿಗಳಿಗೆ ಬಿ12 ಕೊರತೆ, ಅದರ ಮೇಲೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗಿದ್ದರೆ ಇನ್ನಷ್ಟು. ಥೈರಾಯ್ಡ್. ನಿದ್ದೆ ಮಾತ್ರೆ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದ, ಮಂಪರು ಬರಿಸುವ ಮಾತ್ರೆ. ಎಲ್ಲಕ್ಕಿಂತ ಸುಲಭವಾಗಿ ಕಣ್ಣು ತಪ್ಪುವುದು ಕಿವಿ: ಸರಿಯಾಗಿ ಕೇಳಿಸದ ಹೆಸರು ತಲೆಯೊಳಗೆ ಹೋಗಿಯೇ ಇರುವುದಿಲ್ಲ, ಹೋಗದೆ ಇದ್ದದ್ದನ್ನು ಮರೆಯುವುದು ಹೇಗೆ? ಇನ್ನು ಮನೆಯ ಕರೆಂಟ್ ಬಿಲ್ಲಿನ ಕೊನೇ ದಿನ, ಮಾತ್ರೆಯ ಹೊತ್ತು, ಗ್ಯಾಸ್ ಬುಕಿಂಗು, ಇವುಗಳಲ್ಲಿ ಹಿರಿಯರು ಫೋನ್ ಹಿಡಿದ ಮೊಮ್ಮಕ್ಕಳಿಗಿಂತ ಹಿಂದೆ ಬೀಳುವುದು ಅಪರೂಪ. ಇದನ್ನು ಯಾರೂ ನೆನಪಿನ ಖಾತೆಗೆ ಜಮಾ ಮಾಡುವುದಿಲ್ಲ. "ಅದೆಲ್ಲ ಅಭ್ಯಾಸ ಬಿಡಿ" ಎಂದು ಹಿರಿಯರೇ ಕಳೆದುಬಿಡುತ್ತಾರೆ.

ಮಂಟಪದಲ್ಲಿ ಅವನು ಇನ್ನೂ ನಿಂತಿದ್ದಾನೆ. ಅಂದಾಜಿನ ಮೇಲೆ ಹೆಸರು ಹೇಳಬಾರದು. ತಪ್ಪಿದರೆ ಆ ಕಥೆ ತಿಪಟೂರಿನವರೆಗೂ ಹೋಗುತ್ತದೆ. "ಈಗ ಎಲ್ಲಿದ್ದೀರಿ?" ಎಂದು ಕೇಳಬಹುದು, "ಇಲ್ಲೇ ಸಾರ್" ಎನ್ನುತ್ತಾನೆ, ಉಪಯೋಗವಿಲ್ಲ. ಹೆಂಡತಿಯನ್ನು ಕರೆದು "ನೋಡು ಯಾರು ಬಂದಿದ್ದಾರೆ" ಎಂದರೆ ಆಕೆಗೂ ಅದೇ ವೈವಾ. ಒಂದೇ ದಾರಿ, ಅವನ ಮಾತನ್ನು ಸೂಕ್ಷ್ಮವಾಗಿ ಕೇಳುವುದು. ಬಂದಾಗಿನಿಂದ ಅವನು ಹೇಳಿದ್ದು "ಸಾರ್", "ಸಾರ್", ನಡುವೆ ಒಮ್ಮೆ "ಅಂಕಲ್". "ಎಲ್ಲಿ, ನನ್ನ ಹೆಸರು ಹೇಳಪ್ಪ" ಎಂದು ಕೇಳಿ ನೋಡಿ.

ಎರಡನೇ ಪಂಕ್ತಿಗೆ ಎಲೆ ಹಾಕಿದ್ದಾರೆಂದು ಅವನಿಗೆ ತಟ್ಟನೆ ನೆನಪಾಗುತ್ತದೆ.