ಅಪ್ಪಚ್ಚಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ

ನನಗೆ ವಿಪರೀತ ಸಿಟ್ಟು ಬಂದಿದೆ. ಇವತ್ತು ಮಂಗಳೂರಿನಿಂದ ವಾಪಸ್ ಬರುವಾಗ ಗಡಿಯ ತಲಪಾಡಿ ದಾಟುವವರೆಗೂ ಬಾಯಿ ಮುಚ್ಚಿ ಕೂತಿದ್ದೆ. ಮಾತಾಡಿದ್ದರೆ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

ನಮ್ಮ ಅಪ್ಪಚ್ಚಿ, ಅಂದರೆ ಚಿಕ್ಕಪ್ಪ, ನಿಮ್ಮಲ್ಲಿ ತುಂಬ ಜನರಿಗೆ ಗೊತ್ತು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಗುಡ್ಡದ ಮೇಲೆ ಮನೆ, ಕೆಳಗೆ ಅಡಿಕೆ ತೋಟ. ಎಪ್ಪತ್ತು ದಾಟಿದೆ. ದಿನಾ ತೋಟಕ್ಕೆ ಇಳಿಯುತ್ತಾರೆ, ದಿನಾ ಹತ್ತುತ್ತಾರೆ. ಹತ್ತುವಾಗ ಹೆಗಲ ಮೇಲೆ ಏನಾದರೂ ಇದ್ದೇ ಇರುತ್ತದೆ. ಹಾಳೆಯ ಕಟ್ಟವೋ, ಅಡಿಕೆ ಗೊನೆಯೋ, ದನಕ್ಕೆ ಹುಲ್ಲೋ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮೈಲುತುತ್ತು, ಸುಣ್ಣ ಕಲಸುವುದು ಈಗಲೂ ಅವರೇ.

ಅವರ ಬಲಗಣ್ಣಿಗೆ ಪೊರೆ ಬಂದಿದೆ. ಹನಿ ಹಾಕಿ ಕಣ್ಣು ಮರಗಟ್ಟಿಸಿ ಮಾಡುವ ಆಪರೇಷನ್. ಬೆಳಿಗ್ಗೆ ಹೋದರೆ ಸಂಜೆ ಮನೆಗೆ ಬರಬಹುದು. ಇಲ್ಲಿನ ಆಸ್ಪತ್ರೆಯಲ್ಲಿ ಡೇಟ್ ಕೂಡ ಸಿಕ್ಕಿತ್ತು. ಅದರ ಹಿಂದಿನ ವಾರ ಹೃದಯ ಬಡಿತದ ಗೆರೆ ತೆಗೆಯುವ ಇಸಿಜಿ ಮಾಡಿಸಿದರು. ಕಾಗದದ ಮೇಲ್ಗಡೆ ಮೆಷಿನ್ನೇ ‘ಅಬ್‌ನಾರ್ಮಲ್’ ಅಂತ ಪ್ರಿಂಟ್ ಮಾಡಿತು. ಅಲ್ಲಿಗೆ ಮುಗಿಯಿತು. ಡೇಟ್ ಕ್ಯಾನ್ಸಲ್. ಹಾರ್ಟಿನ ಡಾಕ್ಟರ ಹತ್ತಿರ ಕ್ಲಿಯರೆನ್ಸ್ ತನ್ನಿ, ಆಮೇಲೆ ನೋಡುವ ಅಂದರು.

ಗುಡ್ಡ ಹತ್ತಿದರೆ ಏದುಸಿರು ಬರುತ್ತದಾ? ಎದೆ ನೋಯುತ್ತದಾ? ತಲೆ ಸುತ್ತಿ ಬಿದ್ದದ್ದುಂಟಾ? ರಾತ್ರಿ ದಿಂಬು ಎತ್ತರಿಸಿ ಮಲಗಬೇಕಾಗುತ್ತದಾ? ಇಷ್ಟು ಕೇಳಲು ಎರಡು ನಿಮಿಷ ಸಾಕು. ಯಾರೂ ಕೇಳಲಿಲ್ಲ. ಅಪ್ಪಚ್ಚಿಗೆ ಮಲಯಾಳ ಅರ್ಥ ಆಗುತ್ತದೆ, ಆದರೆ ಮೈಯ ಸಂಕಟ ಹೇಳುವಷ್ಟು ಬರುವುದಿಲ್ಲ. ಕನ್ನಡ ಗೊತ್ತಿದ್ದ ನರ್ಸ್ ಒಬ್ಬರು ಪಕ್ಕದಲ್ಲೇ ಇದ್ದರು. ಅವರನ್ನಾದರೂ ಕರೆಯಬಹುದಿತ್ತಲ್ವಾ?

ರಿಪೋರ್ಟಿನಲ್ಲಿ ಇದ್ದದ್ದು ರೈಟ್ ಬಂಡಲ್ ಬ್ರಾಂಚ್ ಬ್ಲಾಕ್. ಹೃದಯದ ಬಲಭಾಗಕ್ಕೆ ಬಡಿತದ ವಿದ್ಯುತ್ ಸಂಕೇತ ತಡವಾಗಿ ತಲುಪುವುದು ಅಷ್ಟೇ. ವಯಸ್ಸಾದವರಲ್ಲಿ ಇದು ಅಪರೂಪವಲ್ಲ. ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧಿಯೂ ಬೇಡ. ರಕ್ತನಾಳ ಕಟ್ಟಿಕೊಳ್ಳುವ ಬ್ಲಾಕ್ ಬೇರೆ. ಇದನ್ನೂ ಯಾರೂ ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ ಸ್ಟೆಂಟ್ ಹಾಕಬೇಕು ಅಂತಲೇ ತಿಳಿದರು. ಚಿಕ್ಕಮ್ಮ ಅವರನ್ನು ತೋಟಕ್ಕೆ ಇಳಿಯಲು ಬಿಡಲಿಲ್ಲ. ಒಂದು ರಾತ್ರಿ ಅಪ್ಪಚ್ಚಿ ಚಿಕ್ಕಮ್ಮನನ್ನು ಕೂರಿಸಿಕೊಂಡು ತೀರ್ವೆ ರಶೀದಿ ಎಲ್ಲಿದೆ, ಸೊಸೈಟಿ ಪಾಸ್‌ಬುಕ್ ಎಲ್ಲಿದೆ ಅಂತ ಹೇಳಿಕೊಟ್ಟರಂತೆ. ಇದನ್ನು ಕೇಳಿದಾಗ ನನಗೆ ಅಳು ಬಂತು. ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಹೋದ ಮನುಷ್ಯ ಸಾಯುವ ತಯಾರಿ ಮಾಡುತ್ತಿದ್ದರು.

ಕಾಯುವುದರಲ್ಲೂ ಅಪಾಯ ಇದೆ. ಸ್ಪ್ರಿಂಕ್ಲರ್ ತಿರುಗಿಸಲು ಯಾರಿಗೂ ಹೇಳದೆ ಇಳಿದವರು ತೋಡು ದಾಟುವ ಸಂಕದಲ್ಲಿ, ಅಂದರೆ ಕಾಲುಸೇತುವೆಯಲ್ಲಿ, ಜಾರಿ ಬಿದ್ದರು. ಅಡಿಕೆ ಮರದ ಸಂಕ, ಒಂದು ಕಣ್ಣು ಮಂಜು. ಮಂಡಿ ಕೆತ್ತಿ ಹೋಯಿತು, ಪುಣ್ಯಕ್ಕೆ ಸೊಂಟದ ಮೂಳೆ ಉಳಿಯಿತು. ಸೊಂಟ ಮುರಿದಿದ್ದರೆ ಅದು ದೊಡ್ಡ ಆಪರೇಷನ್ ಆಗುತ್ತಿತ್ತು, ಹೃದಯಕ್ಕೆ ನಿಜವಾದ ಪರೀಕ್ಷೆ ಆಗಿರುತ್ತಿತ್ತು. ಈ ಲೆಕ್ಕ ಯಾವ ಕ್ಲಿಯರೆನ್ಸ್ ಚೀಟಿಯಲ್ಲೂ ಇರುವುದಿಲ್ಲ.

ಇವತ್ತು ಮಂಗಳೂರಿನ ಡಾಕ್ಟರ್ ಮೊದಲು ಕೇಳಿದ್ದೇನು ಗೊತ್ತಾ? ತೋಟ ಎಷ್ಟು ಇಳಿಜಾರು, ಹತ್ತುವಾಗ ಮಧ್ಯೆ ನಿಲ್ಲುತ್ತೀರಾ ಅಂತ. ತುಳುವಿನಲ್ಲೇ ಕೇಳಿದರು. ಅಪ್ಪಚ್ಚಿಯ ಮುಖ ಅರಳಿತು, ತೋಟದ ವರ್ಣನೆ ಪೂರ್ತಿ ಕೊಟ್ಟರು. ನಿಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತುವವರಿಗೆ ಇಂಥ ಸಣ್ಣ ಆಪರೇಷನ್ ಭಾರವಲ್ಲ ಅಂದರು ಡಾಕ್ಟರ್. ಹೃದಯದ ಸ್ಕ್ಯಾನ್, ಎಕೋ ಕೂಡ ಮಾಡಿದರು, ಹೃದಯದ ಪಂಪಿಂಗ್ ಶೇಕಡಾ 60 ಇದೆ, ಸರಿಯಾಗಿದೆ. ಎಕೋ ಇಲ್ಲದೆಯೂ ಬರೆದುಕೊಡಬಹುದಿತ್ತು, ಆದರೆ ಅಲ್ಲಿಯವರು ರಿಪೋರ್ಟ್ ಕೇಳುತ್ತಾರಲ್ಲ ಅಂದರು. ನನ್ನ ಸಿಟ್ಟು ಇಮ್ಮಡಿಯಾದದ್ದು ಆಗಲೇ. ಆ ಪ್ರಶ್ನೆಯನ್ನು ಇಲ್ಲೇ ಕೇಳಿದ್ದರೆ ಈ ಓಡಾಟವೇ ಬೇಕಿರಲಿಲ್ಲ. ಹೃದಯ ಅಂದರೆ ನಮಗೆ ಈಗಲೂ ಮಂಗಳೂರೇ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದರೂ ಅದು ಬದಲಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆಯ ರೋಗಿಗಳು ಸತ್ತರು. ಇಂಥ ಊರಿನವರಿಗೆ ಸುಮ್ನೆ ಒಂದು ಚೀಟಿಗೋಸ್ಕರ ಗಡಿ ದಾಟಿ ಬನ್ನಿ ಅನ್ನಬಾರದು.

ಏನಾದರೂ ಹೆಚ್ಚುಕಡಿಮೆ ಆದರೆ ಡಾಕ್ಟರನ್ನೇ ಹಿಡಿಯುತ್ತಾರೆ, ಆಸ್ಪತ್ರೆಯ ಗಾಜು ಒಡೆಯುತ್ತಾರೆ, ಅವರ ಕಷ್ಟವೂ ನೋಡಬೇಕು ಅಂತ ಕೆಲವರು ಹೇಳುತ್ತೀರಿ. ನೋಡಿದೆ. ಎದೆನೋವು, ಉಬ್ಬಸ, ಕಾಲು ಬಾವು ಇದ್ದರೆ, ಈಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಖಂಡಿತ ಹೃದಯದ ಡಾಕ್ಟರಿಗೆ ತೋರಿಸಲೇಬೇಕು. ಆದರೆ ಅದು ಗೊತ್ತಾಗುವುದೂ ಕೇಳಿದರೇ ಅಲ್ವಾ? ಅಮೆರಿಕ, ಕೆನಡಾದಲ್ಲಿ 18,000ಕ್ಕೂ ಜಾಸ್ತಿ ಜನರ ಪೊರೆ ಆಪರೇಷನ್ ನೋಡಿ 2000ನೇ ಇಸವಿಯಲ್ಲೇ ಒಂದು ಅಧ್ಯಯನ ಪ್ರಕಟವಾಗಿದೆ. ಮೂರು ತಿಂಗಳೊಳಗೆ ಹಾರ್ಟ್ ಅಟ್ಯಾಕ್ ಆದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅರ್ಧ ಜನರಿಗೆ ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದರು, ಉಳಿದವರಿಗೆ ರೂಢಿಗಾಗಿ ಏನೂ ಮಾಡಿಸಲಿಲ್ಲ. ತೊಂದರೆ ಆದದ್ದು ಎರಡೂ ಕಡೆ ಒಂದೇ ಸಮ, ಸಾವಿರ ಆಪರೇಷನ್‌ಗೆ ಸುಮಾರು 31. ಅಮೆರಿಕದ ಹೃದಯ ತಜ್ಞರ 2014ರ ಮಾರ್ಗಸೂಚಿಯೂ, ಲಕ್ಷಣವೇ ಇಲ್ಲದವರಿಗೆ ಇಂಥ ಕಡಿಮೆ ಅಪಾಯದ ಆಪರೇಷನ್‌ಗೆ ಮುಂಚೆ ರೂಢಿಯ ಇಸಿಜಿಯಿಂದ ಪ್ರಯೋಜನ ಇಲ್ಲ ಅನ್ನುತ್ತದೆ. ಆಸ್ಪತ್ರೆಗೆ ಕೇಸಿನ ಭಯ ಇರಬಹುದು. ಆ ಭಯವನ್ನು ರೋಗಿಯ ತಲೆಗೆ ಕಟ್ಟುವುದು ಮಾತ್ರ ತಪ್ಪು. ರೋಗಿಯನ್ನು ಕೇಳಿ, ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆದಿಟ್ಟರೆ ಡಾಕ್ಟರಿಗೂ ಅದೇ ರಕ್ಷಣೆ.

ಬರುವ ವಾರಕ್ಕೆ ಹೊಸ ಡೇಟ್ ಸಿಕ್ಕಿದೆ. ಎಡಗಣ್ಣಿಗೂ ಪೊರೆ ಶುರುವಾಗಿದೆ. ಅದರ ಹೊತ್ತಿಗೆ ಈ ಕ್ಲಿಯರೆನ್ಸ್ ಹಳತಾಗುತ್ತದೆ, ಹೊಸದು ತರಬೇಕು ಅಂತ ಕೌಂಟರಿನಲ್ಲಿ ಈಗಲೇ ಹೇಳಿದ್ದಾರೆ. ಆವತ್ತು ಅಪ್ಪಚ್ಚಿಯ ಜೊತೆ ಕನ್ಸಲ್ಟಿಂಗ್ ರೂಮಿಗೆ ನಾನೂ ಹೋಗುತ್ತೇನೆ. ಇಸಿಜಿ ತೆಗೆಯುವ ಮೊದಲು ಇವರಿಗೆ ಏದುಸಿರು ಬರುತ್ತದಾ ಅಂತ ಇವರನ್ನೇ ಕೇಳಿ, ಅಂತ ಡಾಕ್ಟರಿಗೆ ನೇರ ಹೇಳುತ್ತೇನೆ.